ಒಳಗೆ ಬಿಟ್ಟ ಬಟ್ಟೆ

ಇಂದು ಬೆಳಿಗ್ಗೆ ಅವ್ವ ಬೀರುವಿನಿಂದ ಒಂದು ನೀಲಿ ನಿಲುವಂಗಿಯನ್ನು ಹೊರಗೆಳೆದು, "ಇದನ್ನ ಮಿಕ್ಸಿಗಿ ಹೊಚ್ಚಲೇನವಾ?" ಎಂದಳು. ನುಸಿಗುಳಿಗೆಯ ವಾಸನೆ ಜೋಗುಪಾಳ್ಯದ ನಮ್ಮ ಪುಟ್ಟ ಮನೆಯನ್ನೆಲ್ಲ ತುಂಬಿತು. ಮಿಕ್ಸಿಗೆ ಹೊದಿಸಬಹುದಾದ ಆ ವಸ್ತು ನನ್ನ ಪದವಿಯ ಕೊನೆಯ ವರ್ಷದ ಕಲಾಕೃತಿ. ಅದರ ವಿಷಯ, ಭಾವನೆಯ ರೂಪಾಂತರ. ನಗಬೇಡಿ. ನಗುವುದಾದರೆ ಪೂರ್ತಿ ಕೇಳಿ ನಗಿ.

ನಮ್ಮ ಫ್ಯಾಷನ್ ಕಾಲೇಜಿನಲ್ಲಿ ಸುಮ್ಮನೆ ಬಟ್ಟೆ ಹೊಲಿಯುವಂತಿರಲಿಲ್ಲ. ಒಂದು ನೋವಿನಿಂದ ಹೊರಟು ಬಿಡುಗಡೆಗೆ ತಲುಪುವ ಹೆಣ್ಣುಡುಪನ್ನು ಹೊಲಿಯಬೇಕಿತ್ತು. ನೋವು ಸ್ವಂತದ್ದಾಗಿರಬೇಕು. ಇಂದಿರಾನಗರದಲ್ಲಿ ಸ್ವಂತ ಮನೆ ಇದ್ದವರು ಸ್ವಂತ ನೋವಿಗಾಗಿ ವಾರಗಟ್ಟಲೆ ಪರದಾಡಿದರು. ಕೊನೆಗೆ ಎಲ್ಲರೂ ಒಂದೇ ದಾರಿ ಹಿಡಿದರು: ಕೆಳಗೆ ಕಪ್ಪು, ನಡುವೆ ಬೂದು, ಕುತ್ತಿಗೆಗೆ ಬರುವಷ್ಟರಲ್ಲಿ ಬಿಳಿ, ಬೆನ್ನಿಗೆ ರೆಕ್ಕೆ. ಆ ವರ್ಷ ನಮ್ಮ ತರಗತಿಯಲ್ಲಿ ಚಿಟ್ಟೆಯಾಗದೆ ದುಃಖದಿಂದ ಹೊರಬಂದವರೇ ಇಲ್ಲ.

"ನಿನ್ನ ಎಮೋಷನ್ ಯಾವ್ದಮ್ಮಾ?" ಎಂದು ಮೇಡಂ ಕೇಳಿದರು, ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವ ಹಾಗೆ.

"ಹೊಲಿಗೆಯಲ್ಲಿದೆ ಮೇಡಂ."

"ಓಪನ್ ಅಪ್ ಆಗ್ಬೇಕು ನೀನು."

ಆಗಲಿಲ್ಲ. ನಿಮಗೆ ಹೇಳುತ್ತೇನೆ, ನೀವು ಮಾರ್ಕ್ಸ್ ಕೊಡುವವರಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಕಲಬುರಗಿಯಿಂದ ಬಂದು ಇಲ್ಲಿನ ಆಫೀಸೊಂದರಲ್ಲಿ ಕೆಲಸಕ್ಕಿದ್ದ ಅವ್ವ ಆ ವರ್ಷ ಮೈ ಸೊರಗುತ್ತಲೇ ಹೋದಳು. ಅವಳು ಅತ್ತದ್ದನ್ನು ನಾನು ನೋಡಿಲ್ಲ. ಭಾನುವಾರ ಕುಳಿತು ರವಿಕೆಯ ಪಕ್ಕಕ್ಕೆ ಇನ್ನೊಂದು ಹೊಲಿಗೆ ಹಾಕಿ ಬಿಗಿ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಹೆಚ್ಚಾದ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಒಳಗೇ ಬಿಡುತ್ತಿದ್ದಳು. ಮುಂದೆ ಊಟ ಸೇರತೊಡಗಿದಾಗ ಅದೇ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು. ಬಿಚ್ಚಿದಲ್ಲೆಲ್ಲ ಸೂಜಿಯ ಚುಕ್ಕಿಸಾಲು ಉಳಿಯಿತು. ನಾನು ಕಣ್ಣಾರೆ ಕಂಡ ರೂಪಾಂತರ ಇದೊಂದೇ. ಇದಕ್ಕೆ ರೆಕ್ಕೆ ಇರಲಿಲ್ಲ.

ಹಾಗಾಗಿ ನಿಲುವಂಗಿಯ ಎರಡೂ ಪಕ್ಕಕ್ಕೆ ಸಾಲುಸಾಲು ಹೊಲಿಗೆ ಹಾಕಿ, ಒಳಗೆ ಅಂಗೈ ಅಗಲದ ಬಟ್ಟೆ ಬಿಟ್ಟೆ. ಮಾರ್ಕ್ಸ್ ಕೊಡಲು ಕೂರುವ ಜ್ಯೂರಿಯ ಮುಂದೆ ಒಂದೊಂದೇ ಸಾಲು ಬಿಚ್ಚುತ್ತಾ, ಅವ್ವನ ಹೆಸರೆತ್ತದೆ ಕೆಲಸ ಮುಗಿಸುವುದು ನನ್ನ ಉಪಾಯ. ಪೂರ್ತಿ ಬಿಚ್ಚಿದರೆ ಅದು ಅವಳ ಅಳತೆಗೆ ಬರುತ್ತಿತ್ತು. ಆಮೇಲೆ ಅವಳಿಗೇ ಕೊಡಬೇಕೆಂದಿದ್ದೆ.

ಇದನ್ನು ಶಿವಾಜಿನಗರದ ಗೆಳತಿ ಫರ್ಹೀನ್‌ಗೂ ಹೇಳಿರಲಿಲ್ಲ. ಜ್ಯೂರಿಯ ಹಿಂದಿನ ದಿನ ಅವಳು ತನ್ನ ಚಿಟ್ಟೆಗೆ ಓವರ್‌ಲಾಕ್ ಹಾಕುತ್ತಿದ್ದಳು. ಆ ಯಂತ್ರ ಅಂಚನ್ನು ಹೊಲಿಯುತ್ತಲೇ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಎಸೆಯುತ್ತದೆ. ನಾನು ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ನನ್ನದಕ್ಕೂ ಹಾಕಿ ಉಪಕಾರ ಮಾಡಿದ್ದಳು.

"ಒಳಗೆ ಎಷ್ಟೊಂದ್ ಬಟ್ಟೆ ಹಂಗೇ ಬಿಟ್ಬಿಟ್ಟಿದ್ದೆ ಕಣೇ! ನೀಟ್ ಮಾಡ್ಬಿಟ್ಟೆ." ನನ್ನ ಮುಖ ನೋಡಿ ಗಾಬರಿಯಾದಳು. "ಅರೇ, ಬೋಲ್ನಾ ಥಾ ನಾ, ಹೇಳ್ಬೇಕಿತ್ತಲ್ವಾ! ನಂಗ್ ಹೆಂಗ್ ಗೊತ್ತಾಗ್ಬೇಕು?"

ಬಿಚ್ಚಲು ಏನೂ ಉಳಿಯದ ಅಂಗಿಯನ್ನು ಜ್ಯೂರಿಗೆ ಬಂದಿದ್ದ ಅತಿಥಿ ವಿನ್ಯಾಸಕರು ಒಳಹೊರಗು ತಿರುವಿ ನೋಡಿದರು. "ಫಿನಿಶಿಂಗ್ ಸೂಪರ್. ನೋಡಿದ್ರೇನೇ ಉಸಿರು ಕಟ್ಟತ್ತೆ, ನೋವು ಚೆನ್ನಾಗ್ ಬಂದಿದೆ. ಬಿಡುಗಡೆ ಸ್ವಲ್ಪ ಕಮ್ಮಿ." ಪಾಸಾದೆ. ಅಂಗಿ ಬೀರು ಸೇರಿತು.

ಈಗ ಅವ್ವ ಮಿಕ್ಸಿಯನ್ನು ಮರೆತು ತಾನೇ ಅದರೊಳಗೆ ತೋಳು ತೂರಿಸಿದಳು. ಎದೆಯ ಬಳಿ ಸಿಕ್ಕಿಕೊಂಡಿತು. ತೆಗೆದು, ಮಗುಚಿ, ಅಂಚಿನ ಮೇಲೆ ಬೆರಳಾಡಿಸಿದಳು. "ಒಳಗ ಬಟ್ಟಿನೇ ಬಿಟ್ಟಿಲ್ಲಲ್ಲ! ಅಷ್ಟ್ ಓದಿ ಇದೇ ಕಲ್ತಿಯೇನು?"

ಜ್ಯೂರಿಗೆ ಹೇಳದ್ದನ್ನು ಅವಳಿಗೆ ಹೇಳಿದೆ, ಭಾನುವಾರದ ಹೊಲಿಗೆಗಳನ್ನೂ, ಅವಳು ಅಳಲೇ ಇಲ್ಲವೆಂಬುದನ್ನೂ ಸೇರಿಸಿ.

"ಅಳಲಿಲ್ಲಂತ ಯಾರ್ ಹೇಳ್ಯಾರ? ಆಫೀಸಿಗಿ ಹೋಗೋ ಬಸ್ಸಿನಾಗ ಅಳ್ತಿದ್ದೆ." ಅಂಗಿಯನ್ನು ನನ್ನ ಮಡಿಲಿಗೆ ಹಾಕಿದಳು. "ಅರಿಶಿಣ ಬಣ್ಣದ್ ತುಂಡು ಅದ ನೋಡು. ಪಕ್ಕಕ್ಕ ಪಟ್ಟಿ ಹಾಕು."

"ಹೊರಗ ಕಾಣ್ತದವ್ವ."

"ಕಾಣ್ಲಿ."

ಸಂಜೆ ಅದನ್ನೇ ತೊಟ್ಟು ಹಲಸೂರು ಮಾರ್ಕೆಟ್ಟಿಗೆ ಹೊರಟಳು. ಗೇಟಿನ ಬಳಿ ಮನೆ ಓನರ್ ಆಂಟಿ ತಡೆದರು. "ಏನ್ರೀ ಇದು, ಸೈಡಲ್ಲೆಲ್ಲ ಹಳದಿ? ಹೊಸಾ ಫ್ಯಾಷನ್ನಾ?"

"ಇಲ್ರೀ," ಎಂದಳು ಅವ್ವ. "ದಪ್ಪ ಆಗೀನ್ರಿ."

ಹಾಗೆನ್ನುವಾಗ, ಪಟ್ಟಿ ಚೆನ್ನಾಗಿ ಕಾಣಲೆಂದು, ಎರಡೂ ಕೈ ಎತ್ತಿ ನಿಂತಿದ್ದಳು. ಚೀಲ ಹಿಡಿದು ಹಿಂದೆ ನಿಂತಿದ್ದ ನಾನು ತಲೆ ತಗ್ಗಿಸಲಿಲ್ಲ.