ಗಂಗರತ್ನಮ್ಮ ಹೂವು ಕೇಳಲು ಹೋದದ್ದು

ಲಕ್ಕೂರಿನ ನಮ್ಮ ಬೀದಿಯಲ್ಲಿ ಗಂಗರತ್ನಮ್ಮ ಸುಮ್ಮನೆ ಕೂತದ್ದನ್ನು ನೋಡಿದವರು ಕಡಿಮೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ರೇಷ್ಮೆ ಹುಳುವಿಗೆ ಹಾಕುವುದು, ಹಾಲು ಕರೆಯುವುದು ಎಲ್ಲವೂ ಅವರದೇ. ಗಂಡ ಮುನಿಶಾಮಿ ಅವರಿಗಿಂತ ಬಹಳ ದೊಡ್ಡವರು. ಎಪ್ಪತ್ತು ದಾಟಿ, ಉಬ್ಬಸದಿಂದ ಸೊರಗಿದ್ದರು. ಸಾವಿರದ ಒಂಬೈನೂರ ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಅವರಿಗೆ ಮುದ್ದೆ ನುಂಗಲು ಆಗದಾಯಿತು. ಆಮೇಲೆ ಅನ್ನ. ಕೊನೆಗೆ ರಾಗಿ ಗಂಜಿಯೊಂದೇ ಇಳಿಯುತ್ತಿತ್ತು.

ಕೋಲಾರದ ಡಾಕ್ಟರು ಅನ್ನನಾಳದ ಕ್ಯಾನ್ಸರ್ ಎಂದರು. "ಬೆಂಗಳೂರಲ್ಲಿ ಕರೆಂಟ್ ಕೊಡ್ತಾರಮ್ಮ, ರೇಡಿಯೇಷನ್ ಅಂತ. ಒಂದೂವರೆ ತಿಂಗಳು ಅಲ್ಲೇ ಇರ್ಬೇಕು. ಪೂರ್ತಿ ವಾಸಿಯಾಗಲ್ಲ, ನುಂಗೋದು ಸ್ವಲ್ಪ ಸಲೀಸಾಗಬಹುದು. ಈ ದೇಹ ತಡೆಯುತ್ತೋ ಇಲ್ವೋ ಹೇಳಕ್ಕಾಗಲ್ಲ. ಮನೆಯವ್ರು ಯೋಚ್ನೆ ಮಾಡಿ."

ಮಕ್ಕಳಿರಲಿಲ್ಲ. ಮನೆಯವರು ಎಂದರೆ ಗಂಗರತ್ನಮ್ಮ ಒಬ್ಬರೇ. ಮೈದುನ ಚಿಕ್ಕವೆಂಕಟಪ್ಪ ಮಾತ್ರ ದಿನಾ ಬಂದು ಜಗುಲಿಯಲ್ಲಿ ಕೂತು ಅತ್ತಿಗೆಯನ್ನು ಒತ್ತಾಯಿಸುತ್ತಿದ್ದರು.

"ವದಿನಮ್ಮಾ, ಇಷ್ಟು ಯೋಚ್ನೆ ಯಾಕೆ? ಗುಡಿಗೆ ಹೋಗಿ ಅಮ್ಮನ ಹತ್ರ ಹೂವು ಕೇಳಿಬಿಡು. ಬಲಕ್ಕೆ ಬಿದ್ರೆ ಬೆಂಗ್ಳೂರಿಗೆ ಹೋಗೋಣ, ಎಡಕ್ಕೆ ಬಿದ್ರೆ ಸುಮ್ನಿರೋಣ."

ಬೇರೆ ಯಾರಾದರೂ ತೀರ್ಮಾನ ಮಾಡಿದರೆ ಸಾಕಾಗಿತ್ತು ಗಂಗರತ್ನಮ್ಮನಿಗೆ. ಮಂಗಳವಾರ ಮೈದುನನ ಜೊತೆ ಊರಾಚೆಯ ಅಮ್ಮನ ಗುಡಿಗೆ ನಡೆದರು. ಪೂಜಾರಿ ದೇವಿಯ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲೇ ಕೇಳಿಕೊಳ್ಳಲು ಹೇಳಿದರು. ಗಂಗರತ್ನಮ್ಮ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬಲಗಡೆಯ ಹೂವು ಜಾರಿತು.

"ಆಯ್ತಲ್ಲ! ನಾಳೆ ಮೊದಲ್ನೇ ಬಸ್ಸಿಗೇ ಹೊರಡೋಣ," ಎಂದರು ಚಿಕ್ಕವೆಂಕಟಪ್ಪ.

ಮನೆಯಲ್ಲಿ ಮುನಿಶಾಮಿ ಗೋಡೆಗೆ ಒರಗಿ ಕಾಯುತ್ತಿದ್ದರು. "ಏನಂದ್ಳೇ ನಿಮ್ಮಮ್ಮ?"

"ಬಲಕ್ಕೆ ಕೊಟ್ಳು."

"ನೀನೇನಂತ ಕೇಳ್ದೆ?"

ಗಂಗರತ್ನಮ್ಮ ಗಂಜಿಯ ಲೋಟ ಅವರ ಕೈಗೆ ಕೊಟ್ಟರು. "ಈ ನೋವು ಸಾಕು ಮಾಡು ತಾಯಿ ಅಂದೆ."

"ಕರೆಂಟಿನ ವಿಷ್ಯ?"

"ಅದು... ಕೇಳೋದೇ ಮರ್ತೋಯ್ತು."

ಮುನಿಶಾಮಿ ನಕ್ಕರು. ನಗು ಕೆಮ್ಮಾಯಿತು. "ಅಷ್ಟು ದೂರ ನಡ್ಕೊಂಡೋಗಿ ಅದ್ನೇ ಮರ್ತು ಬಂದ್ಯಲ್ಲೇ!"

"ಇನ್ನೊಂದ್ಸಲ ಹೋಗಿ ಬರ್ಲಾ?"

"ಬೇಡ. ಆಯಮ್ಮಂಗೆ ನೂರೆಂಟು ಕೆಲ್ಸ. ನನ್ನನ್ನ ಕೇಳು."

ಕಾಯಿಲೆ ಗೊತ್ತಾದಾಗಿನಿಂದ ಯಾರೂ ಅವರನ್ನು ಕೇಳಿರಲಿಲ್ಲ. ಗಂಗರತ್ನಮ್ಮ ಪಕ್ಕದಲ್ಲಿ ಕೂತರು. "ಹೋಗ್ತೀಯಾ?"

"ಒಂದೂವರೆ ತಿಂಗ್ಳು ಆಸ್ಪತ್ರೆ ನೆಲದ ಮೇಲೆ ಮಲಗಿ ನನ್ನ ನೋಡ್ಕೊಳ್ಳೋಕೆ ನಿನ್ ಕೈಲಾಗುತ್ತಾ?"

ಆಗುತ್ತೆ ಅನ್ನಲು ಬಾಯಿ ತೆರೆದರು. "ಆಗಲ್ಲ," ಎಂದರು ಕೊನೆಗೆ.

"ನನ್ ಕೈಲೂ ಆಗಲ್ಲ ಕಣೇ."

ಬೆಳಗ್ಗೆ ಚಿಕ್ಕವೆಂಕಟಪ್ಪ ಚೀಲ ಹಿಡಿದು ಬಂದರು. ಗಂಗರತ್ನಮ್ಮ ಬಾಗಿಲಲ್ಲೇ ತಡೆದರು. "ನಾವು ಬರಲ್ಲಪ್ಪಾ."

"ಹೂವು ಬಲಕ್ಕೆ ಬಿದ್ದಿತ್ತಲ್ಲ ವದಿನಮ್ಮಾ!"

"ಬಿದ್ದಿತ್ತು. ಮೆಲ್ಲಗೆ ಮಾತಾಡು, ನಿಮ್ಮಣ್ಣ ಈಗ ನಿದ್ದೆ ಹೋಗವ್ರೆ."

ಮುನಿಶಾಮಿ ಆ ವರ್ಷದ ರಾಗಿ ಕೊಯ್ಲಿನವರೆಗೆ ಇದ್ದರು. ಅಲ್ಲಿಯವರೆಗೂ ಗಂಗರತ್ನಮ್ಮ ಗಂಜಿಯನ್ನು ಇನ್ನಷ್ಟು, ಮತ್ತಷ್ಟು ತೆಳ್ಳಗೆ ಮಾಡುತ್ತಾ ಹೋದರು.