ವಿಮಾನದ ಬಾಲಕ್ಕೆ ನಿಂಬೆಹಣ್ಣು

ಆಟದ ವಿಮಾನವನ್ನು ಆರೂವರೆ ಸಾವಿರಕ್ಕೆ ತಂದೆ. ತರೀಕೆರೆಯಲ್ಲಿ ಮಾರಿದವನು ಎಂಟು ಹೇಳಿದ್ದ. ಮೊದಲ ಸಲ ಜೊತೆಗೆ ನಿಂತು ಹಾರಿಸಲು ಕಲಿಸುವುದೂ ಅದರಲ್ಲೇ ಸೇರಿತ್ತು. "ಕಲಿಸೋದು ಬ್ಯಾಡಪ್ಪಾ, ಆ ದುಡ್ಡು ಬಿಟ್ಕೊಡು" ಅಂದೆ. ಕಡೂರಿನಲ್ಲಿ ಬರಿಗೈಲಿ ಪಂಪ್‌ಸೆಟ್ ಅಂಗಡಿ ಇಟ್ಟು ಮೇಲೆ ಬಂದವನಿಗೆ ರಿಮೋಟಿನ ಥರ್ಮೋಕೋಲ್ ವಿಮಾನ ಹಾರಿಸಲು ಮೇಷ್ಟ್ರು ಬೇಕೆ?

ಬಯಲು ಬೇಕಿತ್ತು. ಯಗಟಿಯ ನಮ್ಮ ಹಳೇ ಗಿರಾಕಿಯೊಬ್ಬರು ರಾಗಿ ಕೊಯ್ದ ಹೊಲ ಬಿಟ್ಟುಕೊಟ್ಟರು. "ಆದ್ರೆ ಸ್ವಾಮಿ, ನಮ್ ಕುರಿ ಗಬ್ಬದವು. ಬೆದರಿದ್ರೆ ಕಂದಾಕ್ತವೆ, ಮರಿ ಉಳಿಯಲ್ಲ. ಸಂಜೆ ರೊಪ್ಪಕ್ಕೆ ಸೇರಿದ್ಮೇಲೆ ಹಾರ್ಸ್ಕಳಿ."

ನನ್ನ ಹೆಂಡತಿ ಅಜ್ಜಂಪುರದವಳು. "ಸೈಕಲ್ಲಿಗೂ ಪೂಜೆ ಮಾಡಿದೀವಿ, ಆಕಾಶಕ್ಕೋಗೋದನ್ನ ಹಂಗೇ ಕಳಿಸ್ತೀರಾ?" ಅಂದಳು. ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿದಳು. ಮುಂದೆ ಫ್ಯಾನ್ ತಿರುಗುತ್ತಲ್ಲ, ನಾನೇ ಬಾಲಕ್ಕೆ ಕಟ್ಟಿದೆ.

ಇಬ್ಬರೂ ಹೊಲಕ್ಕೆ ಹೋದಾಗ ಕುರಿಗಳು ಇನ್ನೂ ಆಚೆ ಬದುವಿನಲ್ಲಿ ಮೇಯುತ್ತಿದ್ದವು. ದೂರ ಇದಾವಲ್ಲ ಅಂತ ಬೀಸಿ ಬಿಟ್ಟೆ. ವಿಮಾನ ಮೂತಿ ಎತ್ತಿತು, ಮೇಲೆ ತಡವರಿಸಿತು, ತಿರುಗಿ ನನ್ನ ಕಡೆಗೇ ಬಂತು. ರಿಮೋಟಿನ ಕಡ್ಡಿ ಎಡಕ್ಕೆ ತಳ್ಳಿದರೆ ಬಲಕ್ಕೆ ಹೋಗುತ್ತಿದೆ! ಅಲ್ಲಿಂದ ಸೀದಾ ಕುರಿಗಳತ್ತ.

"ಅಯ್ಯೋ, ಕುರಿ ಮೇಲೋಯ್ತೈತೆ ಕಣ್ರೀ!" ಹೊಲದ ಯಜಮಾನರು ಓಡಿದರು.

"ಆಫ್ ಮಾಡ್ರೀ!" ಹೆಂಡತಿ ಕೂಗಿದಳು.

ಮೋಟರ್ ನಿಲ್ಲಿಸಿದೆ. ವಿಮಾನ ಬದುವಿನ ಈಚೆ ಜಾಲಿ ಪೊದೆಗೆ ಬಿತ್ತು. ಕುರಿಗಳು ಮೂಲೆಗೆ ಒತ್ತರಿಸಿ ನಿಂತವು. ಯಜಮಾನರು ಒಂದೊಂದರ ಹೊಟ್ಟೆಯನ್ನೂ ಸವರಿ ನೋಡುವ ತನಕ ನಾನು ಕಳ್ಳನ ಹಾಗೆ ನಿಂತಿದ್ದೆ.

"ಸದ್ಯ, ಎಲ್ಲಾ ನೆಟ್ಟಗವೆ" ಎಂದು ಎದ್ದರು. "ಅಲ್ಲಾ ಸ್ವಾಮಿ, ನಮ್ಮುಡುಗ್ರೇ ಪಂಪ್ ಇಳಿಸ್ತಾರೆ ಅಂದಾಗ 'ತಿಳಿದೋರು ಬೇಕು' ಅಂತ ಫಿಟ್ಟಿಂಗ್ ಚಾರ್ಜ್ ಈಸ್ಕಂಡ್ರಿ. ಇದ್ಕೆ ತಿಳಿದೋರು ಬ್ಯಾಡ್ವಾ? ಕರ್ಕಂಡ್ ಬನ್ನಿ. ಇಲ್ದಿದ್ರೆ ಹೊಲ ಇಲ್ಲ."

ತರೀಕೆರೆಯವನು ಈಗ ಎರಡು ಸಾವಿರ ಕೇಳಿದ. ನಾನು ಚೌಕಾಸಿ ಮಾಡಲಿಲ್ಲ. ಬಸ್ ಚಾರ್ಜ್ ಅದರಲ್ಲೇ ಸೇರಿತು ಅಂದೆ, ಅಷ್ಟೆ.

ನೀವೂ ತರುವುದಾದರೆ ವಿಮಾನದ ಬೆಲೆಗೆ ಎಷ್ಟಾದರೂ ಗುದ್ದಾಡಿ, ಕಲಿಸುವವನ ಕೂಲಿಗೆ ಕೈ ಹಾಕಬೇಡಿ. ರೆಕ್ಕೆಯ ಮುಂದಿನ ಅಂಚಿಗಿಂತ ಸ್ವಲ್ಪ ಹಿಂದೆ, ಎರಡೂ ಕಡೆ ಕೆಳಗಿನಿಂದ ಒಂದೊಂದು ಬೆರಳಿಟ್ಟು ಎತ್ತಿ ನೋಡಿ. ನಿಂಬೆಹಣ್ಣಿನ ಭಾರಕ್ಕೆ ನಮ್ಮದರ ಹಾಗೆ ಬಾಲ ಜೋತುಬಿದ್ದರೆ ಹಾರಿಸಲೇಬೇಡಿ. ಗಾಳಿಗೆ ಎದುರಾಗಿ ಬಿಡಿ. ಅದು ನಿಮ್ಮ ಕಡೆ ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ರಿಮೋಟಿನ ಕಡ್ಡಿಯನ್ನು ಆ ಕಡೆಗೇ ತಳ್ಳಿ, ನೆಟ್ಟಗಾಗುತ್ತದೆ. ದಿಕ್ಕು ತಪ್ಪಿದರೆ ಮೊದಲು ಮೋಟರ್ ನಿಲ್ಲಿಸಿ. ಥರ್ಮೋಕೋಲಿಗೆ ಗೋಂದು ಹಚ್ಚಬಹುದು, ಕುರಿಗೆ ಆಗುವುದಿಲ್ಲ. ಅವು ರೊಪ್ಪ ಸೇರುವ ತನಕ ಕಾಯಿರಿ. ಪೂಜೆ ಬೇಡ ಅನ್ನಲಾರೆ, ನಿಂಬೆಹಣ್ಣನ್ನು ರಿಮೋಟಿಗೆ ಕಟ್ಟಿಕೊಳ್ಳಿ.