ಮುವಲ್ಲಾಳ ಸಸಿಮಡಿ

ನಮ್ಮ ಬೀದಿಯಲ್ಲಿ ಬೆಕ್ಕನ್ನು ಬೈದವರಿಗೆ ಯಾರೂ ಚಹಾ ಕೊಡುವುದಿಲ್ಲ. ಇಸ್ತಾಂಬುಲಿನ ಹಳೇ ಕೋಟೆಗೋಡೆಗೆ ಅಂಟಿಕೊಂಡ ಬೀದಿ ಇದು. ಮನೆಮನೆಯ ಮೆಟ್ಟಿಲ ಮೇಲೂ ಒಂದು ಬಟ್ಟಲು, ಬಟ್ಟಲಿಗೆ ಎರಡು ಬಾಲ. ಇಂಥ ಕಡೆ ಮೂವತ್ತು ವರ್ಷದಿಂದ ಬೆಕ್ಕುಗಳನ್ನು ಅಟ್ಟುತ್ತಲೇ ಬಾಳಿದವಳು ಮುವಲ್ಲಾ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಹಾಗೆ.

ನಾನು ನಾಜ್ಮಿ, ಅವಳ ತೋಟದ ಎದುರಿಗೇ ರಜಾಯಿ ಹೊಲಿಯುವ ಅಂಗಡಿ ಇಟ್ಟವನು. ಮೊದಲೇ ಹೇಳಿಬಿಡುತ್ತೇನೆ, ನಾನು ಬೆಕ್ಕುಗಳ ಪಕ್ಷ. ಹತ್ತಿ ಇದ್ದಲ್ಲಿ ಬೆಕ್ಕು ಬಂದು ಮಲಗುತ್ತದೆ, ಮಲಗಿದ್ದನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ.

ಮುವಲ್ಲಾ ಕಪ್ಪು ಸಮುದ್ರದ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದವಳು. ಗೋಡೆಯ ಬುಡದ ತೋಟದಲ್ಲಿ ಲೆಟ್ಯೂಸ್ ಬೆಳೆಯುತ್ತಾಳೆ. ಗಂಡ ನೂರೆತ್ತಿನ್ ಅದನ್ನು ಸಂತೆಗೆ ಒಯ್ದು ಮಾರುತ್ತಾನೆ. ಅವನು ಬಾಯಿ ಬಿಡುವುದು ಗಿರಾಕಿಗಳ ಹತ್ತಿರ ಮಾತ್ರ, ಉಳಿದ ಮಾತೆಲ್ಲ ಇವಳದೇ. ಆ ಲೆಟ್ಯೂಸಿನ ಎಲೆ ಬೆಣ್ಣೆ ಸವರಿದ ಹಾಗಿರುತ್ತದೆ. ವಸಂತದಲ್ಲಿ ನಮ್ಮ ಜನ ಅದನ್ನು ಬೀದಿಯಲ್ಲೇ ತೊಳೆದು, ಉಪ್ಪು ಸಹ ಹಾಕದೆ ತಿನ್ನುತ್ತಾರೆ. ಹಸಿಯಾಗಿ ತಿನ್ನುವ ಸೊಪ್ಪು. ಬೆಕ್ಕಿಗೆ ಹೊಟ್ಟೆ ಖಾಲಿ ಮಾಡಲು ಬೇಕಾದದ್ದು ಜರಡಿ ಹಿಡಿದ ಮೆತ್ತನೆ ಮಣ್ಣು. ಜಗಳಕ್ಕೆ ಇಷ್ಟು ಸಾಕಲ್ಲ.

"ಮೂಕಪ್ರಾಣಿಗೆ ಹೊಟ್ಟೆಗೆ ಹಾಕಿದ್ರೆ ಪುಣ್ಯ ಬರುತ್ತೆ, ಮುವಲ್ಲಾ ಹನೀಮ್" ಎಂದು ಒಮ್ಮೆ ಪೆರಿಹಾನ್ ಹನೀಮ್ ಬುದ್ಧಿ ಹೇಳಿದರು. ಹೆಂಗಸರ ಹೆಸರಿಗೆ ನಾವು ಮರ್ಯಾದೆಗೆ ಸೇರಿಸುವ ಮಾತು ಹನೀಮ್. ಇವರು ನಿವೃತ್ತ ಶಿಕ್ಷಕಿ, ಹದಿನಾಲ್ಕು ಬೆಕ್ಕು ಸಾಕುವವರು. ಬಟ್ಟಲುಗಳನ್ನು ಇಡುತ್ತಿದ್ದುದು ಮಾತ್ರ ಮುವಲ್ಲಾಳ ಗೋಡೆಯ ಪಕ್ಕ.

"ಪುಣ್ಯ ನಿಮಗೆ, ಹೇಲು ನನಗಾ?" ಎಂದಳು ಮುವಲ್ಲಾ. ಬೀದಿಯಿಡೀ ಕೇಳಿಸಿತು.

ಕಳೆದ ಶರತ್ಕಾಲದಲ್ಲಿ ಅವಳು ಎಂದಿಗಿಂತ ಖಾರವಾಗಿದ್ದಳು. ಮಾವನ ಕಾಲದಿಂದ ಪ್ರತಿ ವರ್ಷ ತಾವೇ ತೆಗೆದಿಟ್ಟುಕೊಂಡು ಬಂದ ಬೀಜ ಆ ಲೆಟ್ಯೂಸಿನದು. ಅಂಗಡಿಯ ಪೊಟ್ಟಣದಲ್ಲಿ ಸಿಗುವಂಥದ್ದಲ್ಲ. ಆ ವರ್ಷ ಬೀಜಕ್ಕೆ ಬಿಟ್ಟ ಗಿಡಗಳೆಲ್ಲ ಮಳೆಗೆ ಕೊಳೆತುಹೋಗಿ, ಹಳೆಯದು ಒಂದು ಕಾಫಿ ಬಟ್ಟಲಿನಷ್ಟು ಉಳಿದಿತ್ತು. ಅರ್ಧ ಬಿತ್ತಿದಳು. ಮೂರೇ ದಿನದಲ್ಲಿ ನಮ್ಮ ಬೆಕ್ಕುಗಳು ಆ ಮಡಿಯನ್ನು ಕೆದಕಿ ಕೆದಕಿ ತಲೆಕೆಳಗು ಮಾಡಿದವು. ಇನ್ನರ್ಧವನ್ನು ಬಿತ್ತಿದ ದಿನ ಅವಳು ನನ್ನ ಅಂಗಡಿ ಬಾಗಿಲಿಗೆ ಬಂದು ನಿಂತಳು.

"ಕೇಳಿಸ್ಕೋ ನಾಜ್ಮಿ ಉಸ್ತಾ. ಇದೂ ಹೋದ್ರೆ ಈ ಬೀಜ ಭೂಮಿ ಮೇಲೇ ಇರಲ್ಲ. ಇನ್ನು ಹತ್ತು ದಿನ ಒಂದು ಬೆಕ್ಕೂ ನನ್ನ ಬೇಲಿ ದಾಟಕೂಡದು. ನಿಮ್ಮ ಕೈಲಿ ಆಗಲ್ಲ ಅಂದ್ರೆ ನಾನೇ ನೋಡ್ಕೋತೀನಿ."

ನಾನು ತಲೆಯಾಡಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ನನ್ನದು.

ಅವಳು ನೋಡಿಕೊಂಡಳು. ಮಡಿಯ ಸುತ್ತ ಮುಳ್ಳಿನ ಕೊಂಬೆ ಹಾಸಿದಳು. ನಡುನಡುವೆ ಪ್ಲಾಸ್ಟಿಕ್ ಫೋರ್ಕುಗಳನ್ನು ಹಲ್ಲು ಮೇಲಾಗಿ ನೆಟ್ಟಳು. ಕಿತ್ತಳೆ ಸಿಪ್ಪೆ ಚೆಲ್ಲಿದಳು, ಚಹಾದಂಗಡಿಯ ಚರಟ ತಂದು ಸುರಿದಳು, ಅದರ ಮೇಲೆ ಕೆಂಪು ಪುಡಿ ಉದುರಿಸಿದಳು. ಬೆಕ್ಕಿಗೆ ಒದ್ದೆ ಮಣ್ಣು ಆಗದು ಎಂದು ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸುತ್ತ, ಉಳಿದ ಹೊತ್ತು ಕೈಯಲ್ಲಿ ನೀರಿನ ಪೈಪು ಹಿಡಿದು ಸ್ಟೂಲಿನ ಮೇಲೆ ಕೂತಳು. ಊಟವೂ ಅಲ್ಲೇ. ನಾವು ನಮ್ಮ ಬಾಗಿಲುಗಳಲ್ಲಿ ನಿಂತು ನಕ್ಕೆವು.

ಐದನೆಯ ದಿನ ಆ ನಗು ನಿಂತಿತು. ಪೆರಿಹಾನ್ ಹನೀಮರ ಪಾಶಾ ನಾಲ್ಕು ದಿನದಿಂದ ಕಾಣುತ್ತಿಲ್ಲ ಎಂದು ಸುದ್ದಿ ಬಂತು. ಕಟುಕ ಬಹ್ತಿಯಾರ್, "ಅಯ್ಯೋ, ನನ್ನ ಅಸ್ಲಾನೂ ಬಂದಿಲ್ಲ!" ಎಂದ. ಸಂಜೆಯಾದರೆ ನನ್ನ ಹತ್ತಿಯ ಮೇಲೆ ಬಂದು ಬೀಳುವ ಮಿನ್ನೋಷ್ ಕೂಡ ನಾಪತ್ತೆ. ನಾಲ್ಕು ದಿನ, ಮೂರು ಬೆಕ್ಕು. ಬೇಲಿಯಾಚೆ ಆ ಕೆಂಪು ಪುಡಿ ಬೇರೆ. ವಿಷ ಎಂಬ ಮಾತನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ. ನಾನೇ ಇರಬಹುದು.

ಶುಕ್ರವಾರದ ನಮಾಜು ಮುಗಿಸಿದ ಜನವೆಲ್ಲ ಅವಳ ಗೇಟಿನ ಮುಂದೆ ಸೇರಿತು.

"ಆ ಮಣ್ಣು ಅಗೆದು ಪುರಸಭೆಗೆ ಕಳಿಸಬೇಕು, ಪರೀಕ್ಷೆ ಆಗ್ಲಿ" ಎಂದರು ಪೆರಿಹಾನ್ ಹನೀಮ್.

ಮುವಲ್ಲಾ ಪೈಪನ್ನು ಬಂದೂಕಿನ ಹಾಗೆ ಹಿಡಿದಳು. "ಅಗೆಯೋದಾ? ಮಡಿ ಮೇಲೆ ಯಾರಾದ್ರೂ ಕಾಲಿಟ್ಟು ನೋಡಿ!"

ಜನ ಬೆನ್ನಿಗಿದ್ದರೆ ನನ್ನಂಥವನಿಗೂ ಶೌರ್ಯ ಬರುತ್ತದೆ. ಗೇಟು ತಳ್ಳಿದೆ. ನೀರು ಮುಖಕ್ಕೆ ಬಡಿಯಿತು, ಲೆಕ್ಕಿಸಲಿಲ್ಲ. ಮುಳ್ಳು ದಾಟಿ, ಮಡಿಯ ನಟ್ಟನಡುವೆ ಎರಡೂ ಕಾಲೂರಿ ನಿಂತು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದೆ.

ಅವಳ ಬಾಯಿಂದ ಬಂದದ್ದು ಬೈಗುಳವಲ್ಲ, ಸುಟ್ಟುಕೊಂಡವರು ಕೂಗುವ ಕೂಗು. ಧಾವಿಸಿ ಬಂದು ನನ್ನ ಮುಷ್ಟಿ ಬಿಡಿಸಿ, ಆ ಮಣ್ಣನ್ನು ಪುಡಿಸಮೇತ ತನ್ನ ಬಾಯಿಗೆ ಹಾಕಿಕೊಂಡಳು. ಕಟಕಟ ಅಗಿದಳು. ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯಿತು. ನುಂಗಿದಳು. ಪೈಪು ಕೈಯಲ್ಲೇ ಇದ್ದರೂ ಒಂದು ಗುಟುಕು ನೀರು ಕುಡಿಯಲಿಲ್ಲ.

"ಮೆಣಸಿನಪುಡಿ! ಸಾಯ್ತೀನೇನೋ, ನಿಂತು ನೋಡಿ. ನಂಗೇನು ಅವಸರ ಇಲ್ಲ."

ತೋಳಿನಿಂದ ಬಾಯಿ ಒರೆಸಿಕೊಂಡಳು.

"ಸರಿ, ಯಾವ್ಯಾವ ಬೆಕ್ಕು ಸತ್ತಿದ್ದು? ಹೇಳಿ!"

"ಪಾಶಾ" ಎಂದರು ಪೆರಿಹಾನ್ ಹನೀಮ್. "ಬೂದು ಬಣ್ಣ. ಬೆಳಗಿನ ಜಾವ ಹಿತ್ತಿಲಿಗೆ ಬರ್ತಿದ್ದ."

"ಎಡಗಿವಿ ಹರಿದಿದೆಯಾ?"

"ಹೌದು... ನಿನಗೆ ಹೇಗೆ ಗೊತ್ತು?"

ಅವಳು ಕಟುಕನ ಕಡೆ ತಿರುಗಿದಳು. "ನಿನ್ನದು ಮಧ್ಯಾಹ್ನ ಬರುತ್ತೆ. ಬೂದು. ಮುಂಗಾಲೆರಡೂ ಬಿಳಿ. ಕಿವಿ?"

"ಹರಿದಿದೆ ಅಕ್ಕಾ" ಎಂದ ಬಹ್ತಿಯಾರ್, ಮೆಲ್ಲಗೆ.

ಆಮೇಲೆ ನನ್ನ ಕಡೆ. ನಾನು ಇನ್ನೂ ಮಡಿಯ ಮೇಲೇ ನಿಂತಿದ್ದೆ. ಕುಂಬಳಕಾಯಿ ಕಳ್ಳನ ಹಾಗೆ ಕೈ ತಾನಾಗಿ ನನ್ನ ಎಡಗಿವಿಗೆ ಹೋಯಿತು.

"ಮೂರು ಮನೆಯಲ್ಲಿ ಉಣ್ಣೋ ಒಂದೇ ಬೆಕ್ಕು ಅದು!" ಎಂದಳು ಮುವಲ್ಲಾ. "ಹೆಸರಿಡೋಕೆ ಬರುತ್ತೆ ನಿಮಗೆ, ಮುಖ ನೋಡೋಕೆ ಬರಲ್ಲ. ಮೂರೂ ಹೊತ್ತಿನದನ್ನ ಇಳಿಸೋಕೆ ನನ್ನ ಹತ್ರಾನೇ ಬರ್ತಿತ್ತು, ನನಗೆ ಗೊತ್ತಿರಲ್ವಾ? ಸೋಮವಾರ ನಾನೇ ನೀರು ಹೊಡೆದು ಹಿಂದಿನ ಗೋಡೆ ಹಾರಿಸಿದೆ. ಆ ಕಡೆ ಹಮಾಮಿನ ಒಲೆ ಹೊತ್ತಿಸಿದಾರೆ. ಬೆಚ್ಚಗೆ ಬಿದ್ಕೊಂಡಿದೆ, ಹೋಗಿ ನೋಡಿ."

ಹೋದೆವು. ಸಾರ್ವಜನಿಕ ಸ್ನಾನದ ಮನೆಯ ಒಲೆಯ ಪಕ್ಕ, ಸೌದೆಯ ಮೇಲೆ ಕಾಲು ಚಾಚಿಕೊಂಡು ಮಲಗಿತ್ತು. "ಇವನಾ? ನಮ್ಮ ವಜೀರ್" ಎಂದ ಒಲೆಯವನು. ನಾವು ಮೂವರೂ ಮೂರು ಹೆಸರಲ್ಲಿ ಕರೆದೆವು. ಅದು ಒಂದು ಕಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿತು. ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಆಗಿರಲಿಲ್ಲ.

ಪೆರಿಹಾನ್ ಹನೀಮ್ ಅಂದೇ ಬಟ್ಟಲುಗಳನ್ನೆಲ್ಲ ತಮ್ಮ ಹಿತ್ತಿಲಿಗೆ ಸಾಗಿಸಿ, ಅಲ್ಲೇ ಒಂದು ಗಾಡಿ ಮರಳು ಹಾಕಿಸಿದರು. ಕ್ಷಮೆ ಕೇಳಲು ಹೋದಾಗ ಮುವಲ್ಲಾ, "ಮರಳು ತಿಂಗಳಿಗೊಮ್ಮೆ ಬದಲಾಯಿಸ್ಬೇಕು" ಎಂದಳಂತೆ, ಅಷ್ಟೇ. ಬಹ್ತಿಯಾರ್ ಕಳಿಸಿದ ಮಾಂಸವನ್ನು ವಾಪಸು ಕಳಿಸಿದಳು. ನಾನು ಮಾತ್ರ ಹೋಗಲಿಲ್ಲ. ದಿನಾ ಸೂಜಿ ಹಿಡಿದು, ಎದುರಿನ ಮಡಿಯನ್ನೇ ನೋಡುತ್ತ ಕೂರುತ್ತಿದ್ದೆ. ನನ್ನ ತುಳಿತಕ್ಕೆ ಆ ಬೀಜ ಸತ್ತಿದ್ದರೆ ಅದನ್ನು ಎಲ್ಲಿಂದ ತಂದುಕೊಡಲಿ?

ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಸ್ಟೂಲಿನಿಂದ ಎದ್ದು ಮಡಿಯ ಪಕ್ಕ ಮಂಡಿಯೂರಿದ್ದು ಕಂಡಿತು. ತಡೆಯಲಾಗದೆ ಓಡಿದೆ. ಗೇಟಿನ ಹೊರಗೇ ನಿಂತೆ. ಮಡಿಯ ಉದ್ದಕ್ಕೂ ಉಗುರಿನಷ್ಟು ಹಸಿರು, ನೂರಾರು. ನಡುವೆ ಎರಡು ಜಾಗ ಮಾತ್ರ ಬೋಳು. ನಲವತ್ತೆರಡನೇ ನಂಬರಿನ ನನ್ನ ಬೂಟುಗಳ ಅಚ್ಚು ಹಿಮ್ಮಡಿಸಮೇತ ಹಾಗೇ ಕೂತಿತ್ತು.

"ಮುವಲ್ಲಾ, ತಪ್ಪಾಯ್ತು" ಎಂದೆ. "ಅದನ್ನ ನಾನೇ ಸರಿ ಮಾಡ್ಲಾ? ಒಂದಿಷ್ಟು ಮಣ್ಣು ಎಳೆದು ಮುಚ್ಚಿಬಿಡ್ತೀನಿ."

ಅವಳು ತಲೆ ಎತ್ತಲೂ ಇಲ್ಲ. ಮುಳ್ಳುಕೊಂಬೆಯೊಂದನ್ನು ಎಳೆದು ನನ್ನ ಹೆಜ್ಜೆಗಳ ಸುತ್ತ ಇಟ್ಟಳು.

"ಬೇಡ, ಇರ್ಲಿ, ಎಲ್ರೂ ನೋಡ್ಲಿ" ಎಂದಳು. "ಬೆಕ್ಕಾಗಿದ್ರೆ ಅವತ್ತೇ ಮುಚ್ಚಿ ಹೋಗಿರೋದು."